ತುಕ್ಕು ಕಾಣುವ ಬಣ್ಣ

ಸಂಡೂರಿನ ಅದಿರಿನ ದೂಳಿಗೂ ಕಬ್ಬಿಣದ ತುಕ್ಕಿಗೂ ಬಣ್ಣ ಒಂದೇ. ಎರಡೂ ಕಬ್ಬಿಣದ ಆಕ್ಸೈಡೇ ಆದ್ದರಿಂದ ಇದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಹೊಸಪೇಟೆಯಲ್ಲಿ ಲಾರಿ ಚಕ್ರಕ್ಕೆ ಬಣ್ಣ ಹೊಡೆದು ಬದುಕಿದ ನನ್ನಂಥವನ ಕಸುಬೆಲ್ಲ ಈ ಒಂದು ಸಂಗತಿಯ ಸುತ್ತಲೇ ತಿರುಗಿದೆ. ಚಕ್ರದ ನಟ್ಟು ಕೂದಲೆಳೆಯಷ್ಟು ಸಡಿಲಾಯಿತೆನ್ನಿ. ಓಡುವಾಗ ಚಕ್ರದ ನಡುವಿನ ಉಕ್ಕಿನ ತಟ್ಟೆ, ಅಂದರೆ ಡಿಸ್ಕು, ಅಚ್ಚಿನ ತುದಿಯ ಹಬ್ಬಿಗೆ ಉಜ್ಜುತ್ತದೆ. ಸವೆದ ಉಕ್ಕು ನುಣ್ಣನೆಯ ಕೆಂಪು ಪುಡಿಯಾಗಿ ನಟ್ಟಿನ ಬುಡದಿಂದ ಹೊರಬರುತ್ತದೆ. ಒಂದು ಮಳೆ ಬಿದ್ದರೆ ಅದೇ ಪುಡಿ ಗೆರೆಯಾಗಿ ಕೆಳಗಿಳಿಯುತ್ತದೆ. ಡಿಸ್ಕು ಸೀಳು ಬಿಟ್ಟರೂ ಹಾಗೆಯೇ, ಬರಿಗಣ್ಣಿಗೆ ಕಾಣದ ಸೀಳಿನ ಗುಂಟ ಸಣ್ಣ ಕೆಂಪು ದಾರ ಮೂಡುತ್ತದೆ. ಚಕ್ರ ಕಳಚುವ ಮೊದಲು ಲಾರಿ ಕೊಡುವ ಎಚ್ಚರಿಕೆ ಇದು. ನೋಡುವವನಿಗೆ ಅದು ಕಾಣಬೇಕು.

ಹೊಸ ಲಾರಿ ಕಟ್ಟಿಸಿದ ಮಾಲೀಕರು ಅಂಗಡಿಗೆ ಬಂದು ವೀಲಿಗೆ ಯಾವ ಕಲರ್ ಹಾಕಿಸೋಣ ಎಂದು ಕೇಳುತ್ತಾರೆ. ಕರಿ, ಬಿಳಿ, ಸಿಲ್ವರ್, ಕ್ರೋಮ್, ಈಗೀಗ ಅಲಾಯ್ ಎಂಬ ಮಾತೂ ಸೇರಿಕೊಂಡಿದೆ. ಇದನ್ನು ಅಂದಚಂದದ ಪ್ರಶ್ನೆ ಎಂದು ಅವರು ತಿಳಿದಿರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಸೀಮೆಯಲ್ಲಿ ಚಕ್ರದ ಬಣ್ಣ ಬದಲಾಗುತ್ತ ಬಂದ ಬಗೆಯನ್ನು ನೋಡಿದರೆ, ಉಳಿದುಕೊಂಡ ಬಣ್ಣ ಯಾವುದು, ಯಾಕೆ ಉಳಿಯಿತು ಎಂಬುದು ಗೊತ್ತಾಗುತ್ತದೆ.

ನಮ್ಮಜ್ಜ ಕಂಪ್ಲಿ ಕಡೆಯ ಹಳ್ಳಿಯಲ್ಲಿ ಗಾಡಿ ಕಟ್ಟುತ್ತಿದ್ದವರು. ಗುಂಬಕ್ಕೆ ಜಾಲಿಯ ಮರ, ಅದಕ್ಕೆ ಅರೆಗಳ ಜೋಡಣೆ, ಸುತ್ತ ಮರದ ಬಳೆ, ಅದರ ಮೇಲೆ ಕಬ್ಬಿಣದ ಪಟ್ಟಿ. ಪಟ್ಟಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ, ತಕ್ಷಣ ನೀರು ಹೊಯ್ಯುತ್ತಿದ್ದರು. ತಣಿದ ಪಟ್ಟಿ ಕುಗ್ಗಿ ಇಡೀ ಗಾಲಿಯನ್ನು ಬಿಗಿಯುತ್ತಿತ್ತು. ಅಚ್ಚಿಗೆ ಕೀಲೆಣ್ಣೆ: ಹರಳೆಣ್ಣೆಯಲ್ಲಿ ಹುಲ್ಲು ಸುಟ್ಟ ಬೂದಿ ಕಲಸಿದ್ದು. ಗಾಲಿಯ ಮೈಗೆ ಅಜ್ಜ ಸಾಮಾನ್ಯವಾಗಿ ಬಣ್ಣ ಹಚ್ಚುತ್ತಿರಲಿಲ್ಲ, ಅಗಸೆ ಎಣ್ಣೆ ಕುಡಿಸುತ್ತಿದ್ದರು. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿ ಪೊರೆಯಾಗುತ್ತದೆ, ಮರಕ್ಕೆ ನೀರು ಇಳಿಯದಂತೆ ತಡೆಯುತ್ತದೆ. ಜೊತೆಗೆ ಅದು ಪಾರದರ್ಶಕ. ಅರೆ ಗುಂಬಕ್ಕೆ ಕೂಡುವ ಜಾಗದಲ್ಲಿ ಸಂದು ಬಿಟ್ಟಿದೆಯೇ, ಮರ ಸೀಳಿದೆಯೇ ಎಂಬುದು ಎಣ್ಣೆಯ ಕೆಳಗೆ ನಿಚ್ಚಳವಾಗಿ ಕಾಣುತ್ತಿತ್ತು. ಜಾತ್ರೆಯ ಗಾಡಿಗೆ ಮಾತ್ರ ಕೆಮ್ಮಣ್ಣು, ಸುಣ್ಣ. ಕೆಲಸದ ಗಾಲಿಯ ಮರ ಕಣ್ಣಿಗೆ ಬೀಳುವಂತಿರಬೇಕು ಎಂಬುದು ಅಜ್ಜನ ಕಾಲದ ಎಲ್ಲ ಬಡಗಿಗಳಿಗೂ ಗೊತ್ತಿದ್ದ ಮಾತು.

1945ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾಯಿತು, 1953ರ ಹೊತ್ತಿಗೆ ಮುಗಿಯಿತು. ಸಿಮೆಂಟಿನ ಬದಲು ಸುರ್ಕಿ ಗಾರೆ ಹಾಕಿ ಕಟ್ಟಿದ ಕಲ್ಲಿನ ಅಣೆಕಟ್ಟು ಅದು. ಕಲ್ಲು, ಸುಣ್ಣ, ಸುರ್ಕಿ ಹೊರಲು ಗಾಡಿಯೂ ಬೇಕಾಯಿತು, ಲಾರಿಯೂ ಬೇಕಾಯಿತು. ನಮ್ಮಪ್ಪ ಗಾಡಿ ಕೆಲಸ ಬಿಟ್ಟು ಲಾರಿ ಕೆಲಸಕ್ಕೆ ಸೇರಿದ್ದು ಆಗಲೇ. ಎರಡನೇ ಮಹಾಯುದ್ಧ ಮುಗಿದು ಸೈನ್ಯದವರು ಬಿಟ್ಟುಹೋದ ಷೆವರ್ಲೆ, ಫೋರ್ಡ್, ಡಾಡ್ಜ್ ಲಾರಿಗಳು ದೇಶದ ತುಂಬ ಹರಾಜಾಗುತ್ತಿದ್ದ ಕಾಲ. ಜನ ಅವನ್ನು ಡಿಸ್ಪೋಸಲ್ ಲಾರಿ ಎನ್ನುತ್ತಿದ್ದರು. ಆ ಲಾರಿಗಳ ಮೈ, ಚಕ್ರ, ನಟ್ಟು ಎಲ್ಲಕ್ಕೂ ಒಂದೇ ಮಿಲಿಟರಿ ಹಸಿರು, ಹೊಳಪಿಲ್ಲದ ಮಾಸಲು ಬಣ್ಣ. ಶತ್ರುವಿನ ಕಣ್ಣಿಗೆ ಬೀಳಬಾರದೆಂದು ಹಚ್ಚಿದ ಬಣ್ಣ ಅದು. ಊರಿನ ಕೆಲಸಕ್ಕೆ ಬಂದ ಮೇಲೆ ಅದರ ಅಗತ್ಯ ತಿರುವುಮುರುವಾಯಿತು. ಅಪ್ಪನ ಮೊದಲ ಕೆಲಸವೆಂದರೆ ಆ ಹಸಿರನ್ನು ಕೆರೆದು ತೆಗೆಯುವುದು, ಕೆಳಗೆ ರೆಡ್ ಲೆಡ್ ಹಚ್ಚುವುದು.

ಸೀಸದ ಕೆಂಪು ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದ ಆ ರೆಡ್ ಲೆಡ್ ಪ್ರೈಮರ್ ಕಬ್ಬಿಣವನ್ನು ಕಾಯುವುದರಲ್ಲಿ ಗಟ್ಟಿಗ. ಆದರೆ ಅದು ವಿಷ. ಕೆರೆಯುವಾಗ ಏಳುವ ದೂಳನ್ನು ಉಸಿರಾಡಿದವರ ಹೊಟ್ಟೆನೋವು, ಕೈನಡುಕ ನಾನು ಹತ್ತಿರದಿಂದ ಕಂಡಿದ್ದೇನೆ. ಮುಂದೆ ರೆಡ್ ಆಕ್ಸೈಡ್ ಬಂತು. ಅದೂ ಕಬ್ಬಿಣದ ಕಲ್ಲಿನ ಪುಡಿಯೇ, ಸಂಡೂರಿನ ಮಣ್ಣಿನ ಸೋದರ. ವಿಷವಿಲ್ಲ, ಅಗ್ಗ. ಬಣ್ಣವೂ ಆಗಲೇ ನಮ್ಮ ರಾಜ್ಯದಲ್ಲಿ ತಯಾರಾಗುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಕಾಡಿನ ಅರಗನ್ನು ನಂಬಿ ಮೈಸೂರಿನಲ್ಲಿ ಶುರುವಾದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಪೇಂಟು, ವಾರ್ನಿಷ್, ಅರಗು ಮಾಡುತ್ತಿತ್ತು. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಅಳಿಸಲಾಗದ ಶಾಯಿ ಕೊಡುತ್ತ ಬಂದಿರುವುದೂ ಇದೇ ಕಾರ್ಖಾನೆ.

1954ರಲ್ಲಿ ಟಾಟಾ ಗುಂಪಿನ ಟೆಲ್ಕೊ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿ ಜಮ್‌ಶೆಡ್‌ಪುರದಿಂದ ಟಾಟಾ ಮರ್ಸಿಡಿಸ್-ಬೆಂಜ್ ಲಾರಿ ಹೊರತಂದಿತು. ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರ ಹೊತ್ತ ಆ ಲಾರಿಗಳನ್ನು ನಮ್ಮ ಕಡೆ ಇವತ್ತಿಗೂ ಹಳಬರು ಬೆಂಜ್ ಗಾಡಿ ಎನ್ನುತ್ತಾರೆ. ಆ ಒಪ್ಪಂದ 1969ಕ್ಕೆ ಮುಗಿಯಿತು. ಮದ್ರಾಸಿನಿಂದ ಅಶೋಕ್ ಲೇಲ್ಯಾಂಡಿನ ಕಾಮೆಟ್ ಬಂತು. 1960ರ ದಶಕದಲ್ಲಿ ಮದ್ರಾಸಿನ ಪಾಡಿಯಲ್ಲಿ ಟಿವಿಎಸ್ ಗುಂಪಿನ ವೀಲ್ಸ್ ಇಂಡಿಯಾ ಕಾರ್ಖಾನೆ ಉಕ್ಕಿನ ಚಕ್ರಗಳನ್ನು ಇಲ್ಲೇ ಮಾಡತೊಡಗಿತು. ಒತ್ತಿ ಮಾಡಿದ ಉಕ್ಕಿನ ಡಿಸ್ಕು, ಅದಕ್ಕೆ ಬೆಸೆದ ರಿಮ್ಮು, 20 ಇಂಚಿನ ಟೈರು, ಒಳಗೆ ಟ್ಯೂಬು. ನಾನು ಕಸುಬು ಕಲಿತದ್ದು ಈ ಚಕ್ರದ ಮೇಲೆ.

ಈ ಚಕ್ರಕ್ಕೆ ಸಿಲ್ವರ್ ಪೇಂಟ್ ಕೂಡಿಬಂದದ್ದು ನಮ್ಮ ಕಸುಬಿನ ದೊಡ್ಡ ತಿರುವು. ಆಗ ಅದು ಎರಡು ಡಬ್ಬಿಯಲ್ಲಿ ಬರುತ್ತಿತ್ತು: ಒಂದರಲ್ಲಿ ಅಲ್ಯುಮಿನಿಯಂ ಪೇಸ್ಟು, ಇನ್ನೊಂದರಲ್ಲಿ ವಾರ್ನಿಷ್. ಅದಕ್ಕೆ 1963ರಲ್ಲೇ ಐಎಸ್ 2339 ಎಂಬ ಭಾರತೀಯ ಮಾನಕ ಬಂದಿತ್ತು. ಹಚ್ಚುವ ದಿನವೇ ಎರಡನ್ನೂ ಕಲಸಬೇಕು. ನಿನ್ನೆ ಕಲಸಿಟ್ಟದ್ದು ಇವತ್ತು ಬೂದಿಬಣ್ಣಕ್ಕೆ ತಿರುಗಿರುತ್ತದೆ. ಪೇಸ್ಟಿನಲ್ಲಿರುವುದು ದುಂಡು ಪುಡಿಯಲ್ಲ, ಚಪ್ಪಟೆ ಚೂರುಗಳು. ಅವುಗಳಿಗೆ ಸ್ಟಿಯರಿಕ್ ಆಮ್ಲದ ತೆಳು ಲೇಪ ಇರುವುದರಿಂದ ವಾರ್ನಿಷ್ ಒಣಗುವ ಮೊದಲೇ ಮೇಲಕ್ಕೆ ತೇಲಿ ಬಂದು, ಮಂಗಳೂರು ಹೆಂಚಿನಂತೆ ಒಂದರ ಮೇಲೊಂದು ಮಲಗುತ್ತವೆ. ನೀರು ಒಳಗಿಳಿಯಬೇಕಾದರೆ ಆ ಪದರಗಳ ಸುತ್ತ ಬಳಸಿ ಹೋಗಬೇಕು. ಬಿಸಿಲಿನ ಝಳವನ್ನೂ ಹೊರಕ್ಕೆ ಎಸೆಯುತ್ತವೆ. ಎಣ್ಣೆ ಟ್ಯಾಂಕು, ಕಬ್ಬಿಣದ ಸೇತುವೆಗಳಿಗೆ ಇದನ್ನೇ ಹಚ್ಚಿದ್ದು ಇದೇ ಕಾರಣಕ್ಕೆ.

ಲಾರಿಗೆ ಇನ್ನೊಂದು ಕಾರಣವೂ ಇತ್ತು. ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವ ಲಾರಿಯ ಬ್ರೇಕ್ ಡ್ರಮ್ಮು ಮುಟ್ಟಲಾರದಷ್ಟು ಕಾಯುತ್ತದೆ. ಆ ಕಾವು ಡಿಸ್ಕಿಗೆ ಹತ್ತುತ್ತದೆ. ಮಾಮೂಲಿ ಎನಾಮಲ್ ಹಚ್ಚಿದ ಚಕ್ರ ಗುಳ್ಳೆ ಎದ್ದು ಕಂದುತ್ತದೆ. ಸಿಲ್ವರ್ ತಡೆದುಕೊಳ್ಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಸಿಲ್ವರ್ ಮೇಲೆ ಕೆಂಪು ಗೆರೆ ಹತ್ತು ಮಾರು ದೂರದಿಂದ ಕಾಣುತ್ತದೆ. ಡಾಬಾದ ಮುಂದೆ ಲಾರಿ ನಿಲ್ಲಿಸಿ ಚಹಾ ಕುಡಿಯುವ ಡ್ರೈವರ್, ಕೂತಲ್ಲಿಂದಲೇ ತನ್ನ ಚಕ್ರವನ್ನು ಓದಬಲ್ಲ. ಸಿಲ್ವರ್ ಗೆದ್ದದ್ದು ಹೊಳಪಿಗಾಗಿ ಎಂದು ಹೊರಗಿನವರು ಹೇಳುತ್ತಾರೆ. ಹಳೆಯ ಡ್ರೈವರುಗಳು ಅದನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದದ್ದು ಈ ಗೆರೆಗಾಗಿ.

ಆ ಕಾಲದ ಚಕ್ರದಲ್ಲಿ ಇನ್ನೊಂದು ಅಪಾಯ ಅಡಗಿತ್ತು. ರಿಮ್ಮು ಒಂದೇ ತುಂಡಲ್ಲ. ಟೈರನ್ನು ಹಿಡಿಯಲು ಒಂದು ಸೈಡ್ ರಿಂಗು, ಅದನ್ನು ಹಿಡಿಯಲು ಒಂದು ಲಾಕ್ ರಿಂಗು. ಲಾಕ್ ರಿಂಗು ರಿಮ್ಮಿನ ಅಂಚಿನ ಕಿರುಗಾಲುವೆಯಲ್ಲಿ ಕೂರಬೇಕು. ಕಾಲುವೆಯಲ್ಲಿ ತುಕ್ಕು ಕಟ್ಟಿದ್ದರೆ, ಇಲ್ಲವೇ ಪೇಂಟರು ಪದರದ ಮೇಲೆ ಪದರ ಬಣ್ಣ ತುಂಬಿದ್ದರೆ ರಿಂಗು ಅರೆಬರೆ ಕೂರುತ್ತದೆ. ನೋಡಲು ಸರಿಯಾಗಿಯೇ ಕಾಣುತ್ತದೆ. ಗಾಳಿ ತುಂಬುವಾಗ ಆ ರಿಂಗು ಸಿಡಿದರೆ ಮುಂದೆ ನಿಂತವನು ಉಳಿಯುವುದಿಲ್ಲ. ಅದಕ್ಕೇ ಹೆದ್ದಾರಿಯ ಪಂಕ್ಚರ್ ಅಂಗಡಿಯವರು ಚಕ್ರವನ್ನು ಸರಪಳಿಯಲ್ಲಿ ಬಿಗಿದು, ರಿಂಗಿನ ಮೇಲೆ ಹಾರೆ ತೂರಿಸಿ, ಬದಿಗೆ ನಿಂತು ಗಾಳಿ ಬಿಡುತ್ತಿದ್ದರು. ಅಮೆರಿಕದಲ್ಲಿ ಇಂಥ ಸಾವುಗಳು ಹೆಚ್ಚಿ, 1980ರಲ್ಲಿ ಅಲ್ಲಿನ ಕಾರ್ಮಿಕ ಸುರಕ್ಷತಾ ಇಲಾಖೆ ಇಂಥ ರಿಮ್ಮುಗಳಿಗೆ ಗಾಳಿ ತುಂಬಲು ಪಂಜರ ಕಡ್ಡಾಯ ಮಾಡಿತು. ಅಪ್ಪ ಯಾವ ಕಾನೂನನ್ನೂ ಓದಿದವರಲ್ಲ. ಆದರೆ ಆ ಕಾಲುವೆಗೆ ಬ್ರಷ್ ತಾಗಿಸಿದರೆ ನನ್ನ ಬೆನ್ನಿಗೆ ಏಟು ಬೀಳುತ್ತಿತ್ತು. ವೈರ್ ಬ್ರಷ್ಷಿನಿಂದ ಉಕ್ಕು ಬೆಳ್ಳಗೆ ಕಾಣುವವರೆಗೆ ತಿಕ್ಕಿ, ಒಂದು ತೆಳು ಕೈ ಪ್ರೈಮರ್ ಹಚ್ಚಿ ಬಿಡಬೇಕು. ಅಲ್ಲಿ ಬಣ್ಣಕ್ಕೆ ಜಾಗವಿಲ್ಲ.

1970ರ ದಶಕದ ಹೊತ್ತಿಗೆ ಲಾರಿಗಳು ಊರಿಂದೂರಿಗೆ ಹೋಗುವುದು ಹೆಚ್ಚಿತು. ಸಾಗಾಟ ಉದ್ಯಮಿ ವಿಜಯ ಸಂಕೇಶ್ವರ ಅವರು ಗದಗಿನಲ್ಲಿ ಒಂದು ಲಾರಿಯಿಂದ ಸಾಗಾಟ ಶುರುಮಾಡಿದ್ದು 1976ರಲ್ಲಿ. ಮುಂದೆ ನ್ಯಾಷನಲ್ ಪರ್ಮಿಟ್ ಲಾರಿಯ ಮೈಗೆ ಒಣಗಿದ ಎಲೆಯ ಕಂದು, ಬಿಳಿ ಅಂಚು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮ ಬಣ್ಣವನ್ನೇ ಗೊತ್ತುಮಾಡಿತು. ಮೈಯ ಬಣ್ಣ ಸರ್ಕಾರದ್ದಾದಾಗ ಮಾಲೀಕನ ಮನಸ್ಸೆಲ್ಲ ಚಕ್ರಕ್ಕೆ ಇಳಿಯಿತು. ಹಬ್ಬಿನ ಮೇಲೆ ಕಮಲದ ದಳ, ಡಿಸ್ಕಿನ ಸುತ್ತ ಕೆಂಪು ಬಿಳಿ ಹಳದಿ ಬಳೆ, ನಟ್ಟಿಗೆ ಒಂದು ಬಿಟ್ಟು ಒಂದು ಬಣ್ಣ. ಆಯುಧಪೂಜೆಯ ಮುಂಚಿನ ವಾರ ನಮ್ಮ ಅಂಗಡಿಯಲ್ಲಿ ರಾತ್ರಿಯೆಲ್ಲ ದೀಪ ಉರಿಯುತ್ತಿತ್ತು. ಹಂಪಿಗೆ ಹೋಗಿ ವಿಜಯವಿಠ್ಠಲ ಗುಡಿಯ ಕಲ್ಲಿನ ರಥದ ಗಾಲಿ ನೋಡಿ ಬಂದು, ಅದರ ಹೂಬಳ್ಳಿಯ ಬಳೆಗಳನ್ನೇ ಡ್ರಮ್ಮಿನ ಮೇಲೆ ಬರೆದುಕೊಟ್ಟಿದ್ದೇನೆ. ಆ ಕಲ್ಲಿನ ರಥಕ್ಕೂ ಒಂದು ಕಾಲದಲ್ಲಿ ಬಣ್ಣ ಇತ್ತು. ಮಳೆ ಬಿಸಿಲು ತಾಗದ ಅಡಿಭಾಗದಲ್ಲಿ ಅದರ ಗುರುತು ಉಳಿದಿದೆ. ಚಕ್ರವನ್ನು ಅಲಂಕರಿಸುವ ಆಸೆ ಈ ನೆಲಕ್ಕೆ ಹೊಸದಲ್ಲ. ಅದನ್ನು ನಾನು ಕೀಳಾಗಿ ಕಾಣುವವನೂ ಅಲ್ಲ. ಹಬ್ಬಿನ ಮೇಲೆ ಎಷ್ಟು ಬೇಕಾದರೂ ಹೂ ಬರೆಯಿರಿ, ನಟ್ಟಿನ ಸುತ್ತ ನಾಲ್ಕು ಬೆರಳು ಜಾಗ ಬೆಳ್ಳಗೆ ಬಿಡಿ ಎನ್ನುವುದಷ್ಟೇ ನನ್ನ ಪಟ್ಟು.

ಆ ಪಟ್ಟಿಗೆ ದೊಡ್ಡ ಪರೀಕ್ಷೆ ಒದಗಿದ್ದು ಅದಿರಿನ ಕಾಲದಲ್ಲಿ. 2003ರ ನಂತರ ಚೀನಾದ ಬೇಡಿಕೆ ಏರಿ, ಸಂಡೂರು, ಹೊಸಪೇಟೆ, ಬಳ್ಳಾರಿಯ ಗುಡ್ಡಗಳಿಂದ ಲಾರಿಗಳು ಸಾಲುಗಟ್ಟಿ ಇಳಿದವು. ಆಗಿನ 63ನೇ ಹೆದ್ದಾರಿಯಲ್ಲಿ ಅಂಕೋಲೆಯ ಬೇಲೆಕೇರಿ ಬಂದರಿನತ್ತ, ಇತ್ತ ಕೃಷ್ಣಪಟ್ಟಣದತ್ತ ಹಗಲಿರುಳು ಓಟ. ಮರ, ಮನೆ, ಬೆಳೆ, ಬಟ್ಟೆ ಎಲ್ಲ ಕೆಂಪು. ಅಳತೆ ಮೀರಿದ ಹೇರು. ನಟ್ಟಿನ ಬುಡದಿಂದ ಬರುವ ಪುಡಿಯೂ ಕೆಂಪು, ಮೇಲಿಂದ ಬೀಳುವ ದೂಳೂ ಕೆಂಪು. ಹತ್ತು ಮಾರು ದೂರದಿಂದ ಓದಬಹುದಾಗಿದ್ದ ಚಕ್ರವನ್ನು ಕೈಯಲ್ಲಿ ಮುಟ್ಟಿದರೂ ಓದಲಾಗದ ಸ್ಥಿತಿ. ಕಂತಿನಲ್ಲಿ ಲಾರಿ ಕೊಂಡವರಿಗೆ ತೊಳೆಯಲು ಸಮಯವಿಲ್ಲ, ಒಂದು ಟ್ರಿಪ್ಪು ತಪ್ಪಿದರೆ ಲೆಕ್ಕ ತಪ್ಪುತ್ತಿತ್ತು. ಎಷ್ಟೋ ಮಂದಿ ಕೊಳೆ ಕಾಣದಿರಲಿ ಎಂದು ಚಕ್ರಕ್ಕೂ ಕೆಂಪೇ ಹಾಕಿಸಿದರು. ಹಾಗೆ ಹಾಕಿಸಿದ ಒಂದು ಲಾರಿಯ ಹಿಂದಿನ ಜೋಡಿ ಚಕ್ರ ದಾರಿಯಲ್ಲಿ ಕಳಚಿ ಹೊಲಕ್ಕೆ ನುಗ್ಗಿದ್ದನ್ನು ನಾನು ನೋಡಿದ್ದೇನೆ. ನಟ್ಟು ಬಿಗಿಯುವ ಸ್ಟಡ್ಡಿನ ತೂತುಗಳು ಮೊಟ್ಟೆಯ ಆಕಾರಕ್ಕೆ ಸವೆದಿದ್ದವು. ಅಷ್ಟು ಸವೆಯಲು ದಿನಗಟ್ಟಲೆ ಬೇಕು. ಅಷ್ಟು ದಿನವೂ ಕೆಂಪು ಪುಡಿ ಸುರಿಯುತ್ತಲೇ ಇದ್ದಿರಬೇಕು. ಕೆಂಪಿನ ಮೇಲೆ ಕೆಂಪು, ಯಾರಿಗೂ ಕಾಣಲಿಲ್ಲ. ಆಮೇಲೆ ನಾನು ಅದಿರಿನ ಲಾರಿಯ ಚಕ್ರಕ್ಕೆ ಬಿಳಿ ಅಥವಾ ಸಿಲ್ವರ್ ಬಿಟ್ಟು ಬೇರೆ ಬಣ್ಣ ಮುಟ್ಟಲಿಲ್ಲ. ಪ್ರತಿ ನಟ್ಟಿನಿಂದ ಡಿಸ್ಕಿಗೆ ಒಂದು ಹಳದಿ ಗೆರೆ ಎಳೆದು ಕೊಡುತ್ತಿದ್ದೆ. ಗೆರೆ ಮುರಿದರೆ ನಟ್ಟು ತಿರುಗಿದೆ ಎಂದು ಅರ್ಥ. ಅದನ್ನು ದೂಳು ಸುಳ್ಳು ಮಾಡಲಾರದು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಮೇಲೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಸಾಲುಗಟ್ಟಿ ನಿಂತ ಲಾರಿಗಳ ಚಕ್ರಗಳು ಆ ಮಳೆಗಾಲದಲ್ಲಿ ತೊಳೆದುಕೊಂಡಾಗ, ಯಾವುದರ ಡಿಸ್ಕು ಗಟ್ಟಿ, ಯಾವುದರದು ಸೀಳಿದೆ ಎಂಬುದು ಊರಿಗೆಲ್ಲ ಕಂಡಿತು.

ಇನ್ನು ಮಾಲೀಕರು ಕೇಳುವ ಕ್ರೋಮಿನ ಮಾತು. ಹೊಳೆಯುವ ಚಕ್ರದ ಹುಚ್ಚು ಹುಟ್ಟಿದ್ದು ಅಮೆರಿಕದಲ್ಲಿ. 1920ರ ದಶಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಕಾಲಿನ್ ಫಿಂಕ್ ಕ್ರೋಮಿಯಂ ಲೇಪನವನ್ನು ಕಾರ್ಖಾನೆಗೆ ಒಗ್ಗುವ ವಿದ್ಯೆಯಾಗಿ ಬೆಳೆಸಿದರು. ಉಕ್ಕಿನ ಮೇಲೆ ತಾಮ್ರ, ಅದರ ಮೇಲೆ ನಿಕ್ಕಲ್, ಕೊನೆಗೆ ಒಂದು ಮೈಕ್ರಾನಿಗಿಂತ ತೆಳುವಾದ ಕ್ರೋಮಿಯಂ. ಕನ್ನಡಿಯಂಥ ಹೊಳಪು. ಆದರೆ ಕಲ್ಲು ಬಡಿದು ಒಂದು ಕಡೆ ಲೇಪ ಕಿತ್ತರೆ ತುಕ್ಕು ಒಳಗೊಳಗೇ ಹಬ್ಬುತ್ತದೆ, ಮೇಲೆ ಹೊಳಪು ಹಾಗೇ ಇರುತ್ತದೆ. ಲೇಪಿಸುವ ತೊಟ್ಟಿಯ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಅಲಂಕಾರಕ್ಕಾಗಿ ಅದನ್ನು ಬಳಸುವುದನ್ನು 2027ರ ಜನವರಿಯಿಂದ ನಿಲ್ಲಿಸಲು ಕ್ಯಾಲಿಫೋರ್ನಿಯಾದ ವಾಯು ಮಂಡಳಿ 2023ರಲ್ಲಿ ತೀರ್ಮಾನಿಸಿದೆ. ಕುಲುಮೆ, ತೊಟ್ಟಿಗಳ ಪಕ್ಕ ದುಡಿಯುವವರ ಮೈ ಬಲ್ಲ ನನಗೆ ಆ ತೀರ್ಮಾನ ಸರಿ ಎನ್ನಿಸುತ್ತದೆ.

ಅಲಾಯ್ ಎಂದು ಕೇಳುವ ಅಲ್ಯುಮಿನಿಯಂ ಚಕ್ರದ ದಾರಿ ಬೇರೆ. 1948ರಲ್ಲಿ ಅಲ್ಕೋವಾ ಕಂಪನಿ ಲಾರಿಗೆಂದು ಬಡಿದು ರೂಪಿಸಿದ ಅಲ್ಯುಮಿನಿಯಂ ಚಕ್ರವನ್ನು ಹೊರತಂದಿತು. ಅದರ ಉದ್ದೇಶ ಹೊಳಪಲ್ಲ, ತೂಕ. ಇವತ್ತಿನ 22.5 ಇಂಚಿನ ಉಕ್ಕಿನ ಚಕ್ರ 35 ಕಿಲೋ ಆಸುಪಾಸು ತೂಗಿದರೆ, ಅಲ್ಯುಮಿನಿಯಂದು 20ರಿಂದ 25 ಕಿಲೋ. ಹತ್ತು ಚಕ್ರದ ಲಾರಿಗೆ ಒಂದು ಕ್ವಿಂಟಲಿಗೂ ಮೀರಿ ಉಳಿತಾಯ, ಅಷ್ಟು ಸರಕು ಹೆಚ್ಚು ಹೇರಬಹುದು. ಬಣ್ಣವೇ ಬೇಡದ ಚಕ್ರ ಅದು. ತುಕ್ಕು ಹಿಡಿಯುವುದಿಲ್ಲ, ಆದರೆ ಆಸಿಡ್, ಕ್ಷಾರದ ಸೋಪು, ಉಪ್ಪು ಬಿದ್ದರೆ ಮೈ ಬೆಳ್ಳಗೆ ಹುಳುಕಾಗುತ್ತದೆ. ಉಕ್ಕಿನ ಹಬ್ಬಿಗೆ ಕೂರುವಲ್ಲಿ ತೇವ ನಿಂತರೆ ಉಕ್ಕಿನ ಸಂಗದಲ್ಲಿ ಅಲ್ಯುಮಿನಿಯಂ ಸವೆದುಹೋಗುತ್ತದೆ. ಅದಕ್ಕೆ ಸ್ಟಡ್ಡು ಬೇರೆ ಅಳತೆಯದು ಬೇಕು, ಬೆಂಕಿ ತೋರಿಸಿ ನೆಟ್ಟಗೆ ಮಾಡುವಂತಿಲ್ಲ, ವೆಲ್ಡಿಂಗ್ ಅಂತೂ ಕೂಡದು. ಉಪ್ಪಿನ ಮೂಟೆಯನ್ನೋ ರಸಗೊಬ್ಬರವನ್ನೋ ಹೇರುವ ಲಾರಿಗೆ ಇದನ್ನು ಹಾಕಿಸುವ ಮೊದಲು ಎರಡು ಸಲ ಯೋಚಿಸಬೇಕು.

ಈಗ ಕಾರ್ಖಾನೆಯಿಂದ ಬರುವ ಟ್ಯೂಬ್‌ಲೆಸ್ ಚಕ್ರ ಒಂದೇ ತುಂಡು, ಲಾಕ್ ರಿಂಗಿನ ಭಯ ಇಲ್ಲ. ಬಣ್ಣವೂ ಬ್ರಷ್ಷಿನದಲ್ಲ. ಫೋರ್ಡ್ ಕಂಪನಿಯಲ್ಲಿ 1957ರಿಂದ ಜಾರ್ಜ್ ಬ್ರೂವರ್ ಬೆಳೆಸಿದ ವಿದ್ಯುತ್ ಲೇಪನದಲ್ಲಿ, ಇಡೀ ಚಕ್ರವನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟು ಹಾಯಿಸುತ್ತಾರೆ. ಮೂಲೆಮೂಲೆಗೂ ಒಂದೇ ಸಮ, ಕೂದಲಿಗಿಂತ ತೆಳು ಪದರ. ಹಾಗೆ ಕೂರಿಸುವ ಕರಿ ಎಪಾಕ್ಸಿ ಬಣ್ಣ ಬಿಸಿಲಿಗೆ ಪುಡಿಯಾಗುತ್ತದೆ, ಮೇಲೊಂದು ಸಿಲ್ವರ್ ಹೊದಿಕೆ ಇದ್ದರೇ ಬಾಳಿಕೆ. ಬಣ್ಣದ ಪುಡಿ ಹಚ್ಚಿ ಕಾಯಿಸುವ ಪೌಡರ್ ಕೋಟಿಂಗ್ ಗಟ್ಟಿ, ಆದರೆ ದಪ್ಪ. ಆ ದಪ್ಪದಲ್ಲಿಯೇ ನನ್ನ ಆತಂಕ ಇರುವುದು.

ಯಾಕೆಂದರೆ ಡಿಸ್ಕು ಹಬ್ಬಿಗೆ ಕೂರುವ ಮುಖದಲ್ಲಿ, ನಟ್ಟು ಕೂರುವ ಜಾಗದಲ್ಲಿ ಬಣ್ಣ ಮೂರೂವರೆ ಮಿಲ್, ಅಂದರೆ ಸುಮಾರು 90 ಮೈಕ್ರಾನ್ ಮೀರಬಾರದು. ಹತ್ತು ಸ್ಟಡ್ಡಿನ ಚಕ್ರದ ನಟ್ಟನ್ನು 600 ನ್ಯೂಟನ್ ಮೀಟರಿಗೂ ಮೀರಿ ಬಿಗಿಯುತ್ತಾರೆ. ದಪ್ಪ ಬಣ್ಣ ಇದ್ದರೆ ಆ ಬಿಗಿತ ಉಕ್ಕಿನ ಮೇಲಲ್ಲ, ಬಣ್ಣದ ಮೇಲೆ ನಿಂತಿರುತ್ತದೆ. ಓಡುವ ಕಾವಿಗೆ ಬಣ್ಣ ಹಿಸುಕಿಹೋಗುತ್ತದೆ, ನಟ್ಟು ತಿರುಗದೆಯೇ ಸಡಿಲಾಗುತ್ತದೆ. ಹಳೆಯ ಬಣ್ಣದ ಮೇಲೇ ಹೊಸ ಬಣ್ಣ ಹೊಡೆಸಿ ಅಗ್ಗದಲ್ಲಿ ಮುಗಿಸುವವರು ಕೊಳ್ಳುತ್ತಿರುವುದು ಈ ಸಡಿಲವನ್ನು.

ಆದ್ದರಿಂದ ಯಾವ ಕಲರ್ ಎಂದು ಕೇಳಿದವರಿಗೆ ನನ್ನ ಮರುಪ್ರಶ್ನೆಗಳು ಮೂರು: ಏನು ಹೇರುತ್ತೀರಿ, ಯಾವ ರೋಡಿನಲ್ಲಿ ಓಡುತ್ತೀರಿ, ಚಕ್ರ ತೊಳೆಯುವವರು ಯಾರು? ಅದಿರು, ಇಟ್ಟಿಗೆ, ಕೆಮ್ಮಣ್ಣಿನ ದಾರಿಯಾದರೆ ಬಿಳಿ ಅಥವಾ ಸಿಲ್ವರ್, ಜೊತೆಗೆ ನಟ್ಟಿನ ಹಳದಿ ಗೆರೆ, ದಿನವೂ ಒಂದು ಕೊಡ ನೀರು. ಘಟ್ಟದ ದಾರಿಯಾದರೆ ಸಿಲ್ವರ್. ಡಾಂಬರು ರಸ್ತೆಯಲ್ಲಿ ದೂರ ಓಡುವ, ತೂಕಕ್ಕೆ ಬೆಲೆ ಇರುವ ಲಾರಿಗೆ, ನೋಡಿಕೊಳ್ಳುವ ಡ್ರೈವರ್ ಇದ್ದರೆ ಅಲ್ಯುಮಿನಿಯಂ. ಕರಿ ಬಣ್ಣ ಚಂದ ಕಾಣುತ್ತದೆ, ಆದರೆ ಸೀಳನ್ನು ಮುಚ್ಚುತ್ತದೆ. ನಟ್ಟುಗಳನ್ನೆಲ್ಲ ಮರೆಮಾಡುವ ಹೊಳಪಿನ ಮುಚ್ಚಳಗಳನ್ನು ನನ್ನ ಅಂಗಡಿಯಲ್ಲಿ ಹಾಕಿಕೊಡುವುದಿಲ್ಲ. ಯಾವ ಬಣ್ಣವಾದರೂ ಹಳೆಯದನ್ನು ಉಕ್ಕಿನವರೆಗೆ ಕೆರೆದು ತೆಗೆಯಬೇಕು, ಕೂರುವ ಮುಖದಲ್ಲಿ ಒಂದೇ ತೆಳು ಕೈ ಇರಬೇಕು, ಚಕ್ರ ಹಾಕಿದ ಮೇಲೆ ನೂರು ಕಿಲೋಮೀಟರ್ ಓಡಿಸಿ ತಂದು ಮತ್ತೆ ಬಿಗಿಸಬೇಕು. ಈ ಕೊನೆಯ ಕೆಲಸಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ತಪ್ಪದೆ ಬನ್ನಿ ಎಂದು ಬಿಲ್ಲಿನ ಮೇಲೆ ಬರೆದೇ ಕೊಡುತ್ತೇನೆ.